ಮಡಿಗುಂಡಿಯಿಂದ ಒಂಬತ್ತು ಕರೆ

ಇದು ನಡೆದ ಕತೆ. ನಂಬದಿದ್ದರೆ ತಪ್ಪು ನಿಮ್ಮದಲ್ಲ. ನಡೆದ ಊರಿನಲ್ಲೇ ಮೊದಲ ದಿನ ಯಾರೂ ನಂಬಲಿಲ್ಲ. ಆದ್ದರಿಂದಲೇ ಒಬ್ಬ ಮನುಷ್ಯ ಸತ್ತ.

ಡಿಸೆಂಬರ್ 29, ಭಾನುವಾರ, ಬೆಳಿಗ್ಗೆ 8.20. ಅರಗೋನ್ ಸೀಮೆಯ ಮೊನ್ರೂಬಿಯಾ ನಗರದ ಪೊಲೀಸ್ ಠಾಣೆ. ಮೇಜಿನ ಹಿಂದೆ ಕಾನ್ಸ್‌ಟೇಬಲ್ ಉರ್ಬಾನೋ ಪುವೆಯೋ ಕಾಫಿಗೆ ಬ್ರೆಡ್ಡು ಅದ್ದಿಕೊಂಡು ಕುಳಿತಿದ್ದ. ಐವತ್ತೆಂಟು ವರ್ಷ, ಭಾರೀ ಹೊಟ್ಟೆ, ಊರಿನ ಎಲ್ಲ ನಾಯಿಗಳ ಹೆಸರೂ ಗೊತ್ತಿದ್ದ ಮನುಷ್ಯ. ಬಾಗಿಲು ತಳ್ಳಿಕೊಂಡು ಒಳಬಂದವಳು ವಿಸೀತಾ. ಹಳೆಯ ಯಹೂದಿ ಕೇರಿಯ ಬಾಯಲ್ಲೇ ಇರುವ ಹಂದಿಮಾಂಸದಂಗಡಿಯ ಲಾಂಬೆರ್ತೋ ಗಾಸ್ಕೋನನ ಹೆಂಡತಿ. ಯಹೂದಿಗಳನ್ನು ಹೊರಗಟ್ಟಿ ಐನೂರು ವರ್ಷವಾದ ಮೇಲೆ ಆ ಕೇರಿಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಅಂಗಡಿ ಅದೊಂದೇ.

ಗಂಡ ನಿನ್ನೆಯಿಂದ ಮನೆಗೆ ಬಂದಿಲ್ಲ ಎಂದಳು.

"ಏನ್ ವಿಸೀತಕ್ಕಾ, ಹಬ್ಬ ನಿನ್ನೆಗೇ ಮುಗೀತಲ್ಲ. ಇವತ್ತೂ ಶುರು ಮಾಡಿದ್ದೀರಾ?" ಎಂದ ಉರ್ಬಾನೋ, ಬ್ರೆಡ್ಡು ಬಾಯಲ್ಲಿಟ್ಟುಕೊಂಡೇ.

ಡಿಸೆಂಬರ್ 28 ಅಲ್ಲಿ ಮುಗ್ಧರ ಹಬ್ಬ. ಹಿಂದೆ ಒಬ್ಬ ರಾಜ ಹಸುಗೂಸುಗಳನ್ನು ಕೊಲ್ಲಿಸಿದ ದಿನವನ್ನು ಇವರು ನೆನೆಯುವುದು ಒಬ್ಬರನ್ನೊಬ್ಬರು ಬೇಸ್ತು ಬೀಳಿಸಿ. ಕಾಗದದ ಗೊಂಬೆ ಕತ್ತರಿಸಿ, ಕಾಣದ ಹಾಗೆ ಬೆನ್ನಿಗೆ ಅಂಟಿಸುತ್ತಾರೆ. ಬೇಸ್ತು ಬಿದ್ದವನು ಸಿಟ್ಟಾಗುವಂತಿಲ್ಲ, ನಗಬೇಕು. ಈ ಹಬ್ಬದ ಅನಭಿಷಿಕ್ತ ದೊರೆ ಲಾಂಬೆರ್ತೋ. ಪ್ರತಿವರ್ಷ ಅದೇ ದಿನ ಠಾಣೆಗೆ ಅವನ ಫೋನು. ಒಂದು ವರ್ಷ ಮೇಯರ್ ಧ್ವನಿ, ಒಂದು ವರ್ಷ ಬಿಷಪ್ಪರದು. ಎರಡು ವರ್ಷದ ಹಿಂದೆ ಮಠದ ಮುದುಕಿ ಸನ್ಯಾಸಿನಿಯ ಧ್ವನಿಯಲ್ಲಿ "ಸೇತುವೆಯಿಂದ ಬಿದ್ದೆ ಕಣ್ರಪ್ಪಾ" ಎಂದಿದ್ದಕ್ಕೆ ಎರಡು ಜೀಪು ಹೊಳೆಯ ದಂಡೆಗೆ ಓಡಿದ್ದವು.

ವಿಸೀತಾ ನಗಲಿಲ್ಲ. ವರ್ಷದ ಕೊನೆಯ ಭಾನುವಾರ, ಅಂಗಡಿ ಮುಂದೆ ಹದಿನೈದು ಜನ ಸಾಲಲ್ಲಿ ನಿಂತಿದ್ದಾರೆ, ನಮ್ಮನೆಯವರು ಇಂಥ ದಿನ ಅಂಗಡಿ ತಪ್ಪಿಸಿದವರೇ ಅಲ್ಲ ಎಂದಳು. ಆಮೇಲೆ ದನಿ ತಗ್ಗಿಸಿ, ನಿನ್ನೆ ಎರಡು ಸಲ ಫೋನ್ ಮಾಡಿದ್ದರು, ನಾನು ಇಟ್ಟುಬಿಟ್ಟೆ ಎಂದಳು.

ಉರ್ಬಾನೋ ಬ್ರೆಡ್ಡು ಕೆಳಗಿಟ್ಟ.

8.35ಕ್ಕೆ ಇನ್ಸ್‌ಪೆಕ್ಟರ್ ರೆಮೆದಿಯೋಸ್ ಅಬಾದಿಯಾ ದೂರು ಬರೆಸಿಕೊಂಡರು. ಆಕೆ ಈ ಊರಿಗೆ ಬಂದು ಏಳು ತಿಂಗಳು. ಹಬ್ಬದ ದಿನ ರಜೆಯಲ್ಲಿದ್ದರು. ಮಾತು ಕಡಿಮೆ, ಕೈಚೀಲದಲ್ಲಿ ಸದಾ ಶುಂಠಿ ಪೆಪ್ಪರ್‌ಮಿಂಟು. ಮೊದಲು ಕೇಳಿದ್ದು ಠಾಣೆಯ ಕರೆಪುಸ್ತಕ. ಉರ್ಬಾನೋ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದ. ನಿನ್ನೆಯ ಪುಟದಲ್ಲಿ ಅವನದೇ ಅಕ್ಷರ:

11.52: ಲಾಂಬೆರ್ತೋ. ತಮಾಷೆ.
13.15: ಲಾಂಬೆರ್ತೋ, ಎರಡನೇ ಸಲ. ಪರವಾಗಿಲ್ಲ.
14.05: ಲಾಂಬೆರ್ತೋ, ತುರ್ತು ಕೇಂದ್ರದ ಮೂಲಕ. ಅತ್ಯುತ್ತಮ.

ಅಬಾದಿಯಾ ಮೂರೂ ಸಾಲು ಓದಿ ಪುಸ್ತಕ ಮುಚ್ಚಿದರು. "ಎಲ್ಲಿದ್ದೀನಿ ಅಂದ?"

"ಮಡಿಗುಂಡಿಯಲ್ಲಿ, ಮೇಡಂ."

ಕೇರಿಯ ತುದಿಯಲ್ಲಿ ಪಾಳುಮನೆಯೊಂದರ ಕೆಳಗೆ ನೆಲಮಾಳಿಗೆಯಿದೆ. ಅಲ್ಲಿ ಹಿಂದಿನ ಯಹೂದಿ ಹೆಂಗಸರು ಮುಳುಗಿ ಮಡಿಯಾಗುತ್ತಿದ್ದ ಕಲ್ಲಿನ ಗುಂಡಿ. ಒಸರುವ ನೀರು ಈಗಲೂ ಸೊಂಟದ ಮಟ್ಟ ನಿಲ್ಲುತ್ತದೆ. ನಗರಸಭೆಯವರು ಬಾಗಿಲಿಗೆ ಹೊರಗಡೆಯಿಂದ ಕಬ್ಬಿಣದ ಅಗುಳಿ ಹಾಕಿಸಿದ್ದಾರೆ. ಪ್ರವಾಸಿಗಳು ಬಂದಾಗ ಮಾತ್ರ ತೆಗೆಯುವುದು.

ಅಬಾದಿಯಾ, ಉರ್ಬಾನೋ ಮತ್ತು ಕಾನ್ಸ್‌ಟೇಬಲ್ ನೂರಿಯಾ 9.05ಕ್ಕೆ ತಲುಪಿದಾಗ ಅಗುಳಿ ಪೂರ್ತಿ ಹಾಕಿ ಬಾಗಿಲು ಭದ್ರವಾಗಿತ್ತು. ಮೊಂಕಾಯೋ ಬೆಟ್ಟದ ಗಾಳಿ ಕೇರಿಯೊಳಗೆ ಚಾಕುವಿನಂತೆ ಬೀಸುತ್ತಿತ್ತು. ನೂರಿಯಾ ಟಾರ್ಚು ಬಿಟ್ಟಳು. ಲಾಂಬೆರ್ತೋ ಗುಂಡಿಯ ಮೆಟ್ಟಿಲ ಮೇಲೆ ಬೋರಲಾಗಿದ್ದ. ಸೊಂಟದಿಂದ ಕೆಳಗೆ ನೀರಿನಲ್ಲಿ. ಬಲಗೈ ಮೇಲಕ್ಕೆ ಚಾಚಿ ಮೆಟ್ಟಿಲಿಗೆ ಅಂಟಿದಂತಿತ್ತು, ಅದರಲ್ಲಿ ಫೋನು. ಬೆನ್ನ ಮೇಲೆ ಕಾಗದದ ಗೊಂಬೆ, ಗುಂಡುಸೂಜಿ ಸಮೇತ.

ನ್ಯಾಯಾಧೀಶರು ಬಂದು ಹೆಣ ಎತ್ತಲು ಅಪ್ಪಣೆ ಕೊಟ್ಟದ್ದು 10.30ಕ್ಕೆ. ಪಂಚನಾಮೆಯಲ್ಲಿ ಬರೆದದ್ದಿಷ್ಟು: ದೇಹದ ಮೇಲೆ ಹೊಡೆತದ ಗುರುತಿಲ್ಲ. ಬಾಗಿಲ ಒಳಮೈಯಲ್ಲಿ ಉಗುರಿನ ಗೀರುಗಳು, ಎರಡು ಮುರಿದ ಉಗುರು. ಮೇಲ್ಛಾವಣಿಯಲ್ಲಿ ಅಂಗೈಯಗಲದ ಒಂದೇ ಗಾಳಿಕಿಂಡಿ. ಅದು ಇರುವುದು ಗುಂಡಿಯ ನಟ್ಟನಡುವಿನ ನೆತ್ತಿಯ ಮೇಲೆ.

ನೂರಿಯಾ ತನ್ನ ಫೋನು ಹಿಡಿದು ನೆಲಮಾಳಿಗೆಯ ಮೂಲೆಮೂಲೆಗೂ ಓಡಾಡಿದಳು. ಎಲ್ಲೂ ಸಿಗ್ನಲ್ ಇಲ್ಲ. ಕೊನೆಗೆ ಬೂಟು ಬಿಚ್ಚಿ, ಸೊಂಟದವರೆಗೆ ನೀರಿಗಿಳಿದು ಕಿಂಡಿಯ ಕೆಳಗೆ ನಿಂತಳು. ಎರಡು ಗೆರೆ ಬಂತು.

"ಮೇಡಂ, ಫೋನ್ ಮಾಡಬೇಕಾದ್ರೆ ಇಲ್ಲೇ ನಿಲ್ಲಬೇಕು," ಎಂದಳು. ಹಲ್ಲು ಕಟಕಟ ಎನ್ನುತ್ತಿತ್ತು.

ಅಲ್ಲಿಗೆ ಸಾವಿನ ಕಾರಣ ತಿಳಿಯಲು ವೈದ್ಯರಿಗಾಗಿ ಕಾಯಬೇಕಿರಲಿಲ್ಲ. ಮೂಲೆಯಲ್ಲಿ ಮುದುಡಿಕೊಂಡು ಸುಮ್ಮನೆ ಕುಳಿತಿದ್ದರೆ ಲಾಂಬೆರ್ತೋ ಬದುಕಿರುತ್ತಿದ್ದ. ಸಹಾಯಕ್ಕೆ ಕೂಗಿದಷ್ಟು ಸಲವೂ ಸೊಂಟದವರೆಗೆ ಮಂಜಿನಂತೆ ಕೊರೆಯುವ ನೀರಿನಲ್ಲಿ ನಿಂತು ಕೂಗಿದ್ದ.

ಫೋನಿನಲ್ಲಿ ಒಂಬತ್ತು ಕರೆಗಳು ಸಿಕ್ಕವು. ಗೆಳೆಯರು ಸೇರುವ ಬಾರಿಗೆ ಎರಡು, ಠಾಣೆಗೆ ಎರಡು, ಹೆಂಡತಿಗೆ ಎರಡು, ತುರ್ತು ಕೇಂದ್ರಕ್ಕೆ ಒಂದು, ಪಾದ್ರಿಗೆ ಒಂದು. ಯಾವುದೂ ಎರಡು ನಿಮಿಷ ದಾಟಿರಲಿಲ್ಲ. ಒಂಬತ್ತನೆಯದು 15.05ಕ್ಕೆ. ಅದು ಮಾತ್ರ ಹನ್ನೊಂದು ನಿಮಿಷ.

ಬಾರಿನವರನ್ನೂ ವಿಚಾರಿಸಿದರು. ಒಬ್ಬ, ಫೋನನ್ನು ಸ್ಪೀಕರಿಗೆ ಹಾಕಿ ಎಲ್ಲರಿಗೂ ಕೇಳಿಸಿದೆವು ಎಂದ. ಎರಡನೇ ಸಲ ಅವನು ಅತ್ತ. ಅಳುವುದನ್ನು ಇಷ್ಟು ಚೆನ್ನಾಗಿ ಯಾವಾಗ ಕಲಿತನೋ ಎಂದು ಮಾತಾಡಿಕೊಂಡೆವು ಎಂದ. ಪಾದ್ರಿ ಹೋದ ವರ್ಷ ಬಿಷಪ್ಪರ ಧ್ವನಿ ನಂಬಿ ಗಂಟೆ ಬಾರಿಸಿದವರು. ಈ ವರ್ಷ ಧ್ವನಿ ಕೇಳಿದ್ದೇ ಫೋನು ಇಟ್ಟಿದ್ದರು.

11.40ಕ್ಕೆ ತುರ್ತು ಕೇಂದ್ರದಿಂದ ಧ್ವನಿಮುದ್ರಣ ಬಂತು. ಅಬಾದಿಯಾ ಉರ್ಬಾನೋನನ್ನು ಕೂರಿಸಿಕೊಂಡೇ ಅದನ್ನು ಹಾಕಿದರು.

"ಉರ್ಬಾನೋ, ನಾನು ಕಣೋ. ಬಾಗಿಲು ಹಾಕ್ಬಿಟ್ಟಿದಾರೆ ಯಾರೋ. ಕಾಲು ಗೊತ್ತಾಗ್ತಿಲ್ಲ."

"ಇದು ಯಾರ ಧ್ವನಿ ಈ ಸಲ?"

"ನಂದೇ."

"ನಿಂದು ನಿಂಗೆ ಸರಿಯಾಗಿ ಬರಲ್ಲ ಬಿಡು. ಬಿಷಪ್ಪಂದು ಮಾಡು, ಬರ್ತೀನಿ."

ಐದಾರು ಸೆಕೆಂಡು ನೀರಿನ ಸದ್ದು. ಆಮೇಲೆ ಬಿಷಪ್ಪರ ಧ್ವನಿ, ಮೂಗಿನಲ್ಲಿ ಹಾಡಿದಂಥ ಅದೇ ರಾಗ, ನಡುನಡುವೆ ಹಲ್ಲು ಬಡಿಯುವ ಸದ್ದು: "ಮಗೂ ಉರ್ಬಾನೋ... ದೇವರ ಹೆಸರಲ್ಲಿ ಕೇಳ್ತೀನಿ... ಬಾಗಿಲು ತೆಗಿಯಪ್ಪಾ."

ಮುದ್ರಣದಲ್ಲಿ ಆಮೇಲೆ ಕೇಳಿಸಿದ್ದು ಚಪ್ಪಾಳೆ.

ಉರ್ಬಾನೋ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಅಬಾದಿಯಾ ಅವನಿಗೆ ಇದ್ದದ್ದನ್ನು ಇದ್ದಹಾಗೆ ಹೇಳಿದರು. ನಗರಸಭೆಯ ಯಾವನೋ ನೌಕರ ಒಳಗೆ ಯಾರೂ ಇಲ್ಲವೆಂದುಕೊಂಡು ಅಗುಳಿ ಹಾಕಿದ್ದರೆ ಇದು ಆಕಸ್ಮಿಕ. ಆಗ ಈ ಸಾವಿನ ಹೊಣೆಗೆ ಊರಿನಲ್ಲಿ ಒಂದೇ ಹೆಸರು, ಉರ್ಬಾನೋ ಪುವೆಯೋ. ಗೊತ್ತಿದ್ದೂ ಹಾಕಿದ್ದರೆ ಕೊಲೆ. ಹೊರಗೆ ಕಾರಿಡಾರಿನಲ್ಲಿ ವಿಸೀತಾ ಕುಳಿತಿದ್ದಳು. ಉರ್ಬಾನೋ ಹಾದುಹೋದಾಗ ತಲೆಯೆತ್ತಿ, "ಚಪ್ಪಾಳೆ ತಟ್ಟಿದೆಯಂತೆ," ಎಂದಳು. ಅಷ್ಟೇ.

ಕಾಗದದ ಗೊಂಬೆಯನ್ನು ನೂರಿಯಾ ಒಣಗಿಸಿ ದೀಪದ ಕೆಳಗೆ ಹಿಡಿದಿದ್ದಳು. ಊರವರು ಗೊಂಬೆ ಕತ್ತರಿಸುವುದು ಹಳೇ ಪೇಪರಿನಿಂದ. ಇದು ದಪ್ಪ ಕಾಗದ. ಗೊಂಬೆಯ ಹೊಟ್ಟೆಯ ಮೇಲೆ ಹೀಬ್ರೂ ಅಕ್ಷರದ ಒಂದು ಕಲ್ಲಿನ ಚಿತ್ರ, ಅರ್ಧ. ಎಡಗಾಲಿನ ಮೇಲೆ ಅಚ್ಚಾದ ಹೆಸರು, ಅದೂ ಅರ್ಧ: ಎಲಾದಿಯೋ ತೋ.

ಎಲಾದಿಯೋ ತೋಬಾಹಾಸ್. ಅರವತ್ತೆಂಟು ವರ್ಷ, ಶಾಲೆಯಲ್ಲಿ ಲ್ಯಾಟಿನ್ ಕಲಿಸಿ ನಿವೃತ್ತರಾದವರು. ಅರ್ಧ ಊರಿಗೆ ಕಿವಿ ಹಿಂಡಿದ್ದರಿಂದ ಊರಿಗೆಲ್ಲ ಮೇಷ್ಟ್ರು. ಹೋದ ವರ್ಷದವರೆಗೆ ನಗರದ ಅಧಿಕೃತ ಚರಿತ್ರಕಾರರೂ ಆಗಿದ್ದರು. ಮಡಿಗುಂಡಿಯ ಬಗ್ಗೆ ಒಂದು ಪುಸ್ತಿಕೆ ಬರೆದಿದ್ದರು. ಆಮೇಲೆ ಅದನ್ನು ತಾವೇ ಹಿಂದಕ್ಕೆ ಪಡೆದು ಸುಟ್ಟಿದ್ದರು. ಗ್ರಂಥಾಲಯದ ಪ್ರತಿಯನ್ನೂ ಬಂದು ಒಯ್ದಿದ್ದರೆಂದು ಗ್ರಂಥಪಾಲಕಿ ಹೇಳಿದಳು. ಈಗಲೂ ಪ್ರವಾಸಿಗಳಿಗೆ ಕೇರಿ ತೋರಿಸುವುದು ಅವರೇ; ನೆಲಮಾಳಿಗೆಯ ಉಸ್ತುವಾರಿಯೂ ಅವರದೇ. ಹನ್ನೊಂದು ನಿಮಿಷದ ಆ ಕರೆ ಹೋಗಿದ್ದೂ ಅವರಿಗೆ.

13.10ಕ್ಕೆ ಮೊದಲ ಹೇಳಿಕೆ. ಮೇಷ್ಟ್ರು ಕೋಟು, ಮಫ್ಲರು, ಉಜ್ಜಿ ಹೊಳಪಿಸಿದ ಬೂಟಿನಲ್ಲಿ ಬಂದರು. ಉರ್ಬಾನೋ ಅಭ್ಯಾಸಬಲದಿಂದ ಎದ್ದುನಿಂತ.

ಅವರು ಹೇಳಿದ್ದಿಷ್ಟು. ನಿನ್ನೆ ಮಧ್ಯಾಹ್ನ ಸಮುದ್ರದಾಚೆಯ ಇಜ್ಮೀರಿನಿಂದ ಹನ್ನೆರಡು ಜನ ಯಹೂದಿ ಯಾತ್ರಿಕರು ಬರುವುದಿತ್ತು. ಲಾಂಬೆರ್ತೋ ತಾನು ಮೊದಲೇ ಒಳಗೆ ಅಡಗಿಕೊಂಡು ಹಳೇ ಯಹೂದಿ ಗುರು ರಬ್ಬಿಯ ದೆವ್ವದ ಹಾಗೆ ಕೂಗುತ್ತೇನೆಂದು ಹಟ ಹಿಡಿದ. ತಾವು ಒಪ್ಪಿದರು. ಅವನು ಕೂಗಿದ, ಜನ ನಕ್ಕರು, ತಾವು ಹೊರಟುಬಂದರು. ಬಾಗಿಲು ಬರೀ ಮುಂದಕ್ಕೆ ಎಳೆದಿತ್ತು.

"ಅಗುಳಿ?"

"ಹಾಕಿರಲಿಲ್ಲ."

"ಗುಂಪು ಬಂದದ್ದು 12.05ಕ್ಕಾ?"

"12.10. ಸರಿಯಾಗಿ ಬರ್ಕೊಳ್ಳಿ."

ಹನ್ನೊಂದು ನಿಮಿಷ ಏನು ಮಾತಾಡಿದಿರಿ ಎಂದು ಕೇಳಿದ್ದಕ್ಕೆ, ಅವನು ತಮಾಷೆ ಮಾಡುತ್ತಿದ್ದ, ನಾನು ಕೇಳಿಸಿಕೊಳ್ಳುತ್ತಿದ್ದೆ ಎಂದರು. ಹೇಳಿಕೆ ಓದಿ, ಎರಡು ಕಡೆ ಅಲ್ಪವಿರಾಮ ತಿದ್ದಿ, ಸಹಿ ಹಾಕಿ ಹೋದರು.

ಯಾತ್ರಿಕರು ಇನ್ನೂ ಊರಿನ ವಸತಿಗೃಹದಲ್ಲೇ ಇದ್ದರು. 14.30ಕ್ಕೆ ಅಬಾದಿಯಾ ಅಲ್ಲಿಗೆ ಹೋದಾಗ ಹನ್ನೊಂದು ಜನ ಒಂದೇ ಮಾತು ಹೇಳಿದರು: ಬಹಳ ತಮಾಷೆಯಾಗಿತ್ತು, ಚಪ್ಪಾಳೆ ಹೊಡೆದೆವು. ಹನ್ನೆರಡನೆಯವಳು ರೆಯ್ನಾ ಬೆಹಾರ್, ಎಪ್ಪತ್ತೊಂಬತ್ತರ ಮುದುಕಿ. ಅವಳ ಹಿರಿಯರು ಈ ಸೀಮೆಯಿಂದ ಹೊರಟಾಗ ಕಟ್ಟಿಕೊಂಡು ಹೋದ ಭಾಷೆಯನ್ನೇ ಮನೆಯೊಳಗೆ ಐನೂರು ವರ್ಷ ಆಡಿಕೊಂಡು ಬಂದ ಮನೆತನದವಳು. ಅವಳು ಬಾಯಿ ತೆರೆದಾಗ ನೂರಿಯಾ ಬರೆಯುವುದನ್ನು ನಿಲ್ಲಿಸಿದಳು.

"ಕೇಳೆನ್ನ ಮಗಳೆ. ಆತನ ಕೂಗಿನೊಳು ನಗೆಯಿರ್ದುದಿಲ್ಲ. ಕದವಂ ತೆರೆಯಯ್ಯಾ ಎಂದು ನಾಂ ನುಡಿದೆನ್. ಆ ಗುರುವು ನಕ್ಕು, ಇದು ಎಮ್ಮೂರ ಆಟವಮ್ಮಾ ಎಂದನು."

"ಮೇಡಂ, ಹಳೇ ಚರ್ಚಿನ ಕಲ್ಲು ಮಾತಾಡಿದ ಹಾಗಿದೆ," ಎಂದು ನೂರಿಯಾ ಪಿಸುಗುಟ್ಟಿದಳು. ಅಬಾದಿಯಾ ಬರಿ ಎಂಬಂತೆ ಕಣ್ಣಲ್ಲೇ ಹೇಳಿ, ಅಗುಳಿಯ ಬಗ್ಗೆ ಕೇಳಿದರು. ಮುದುಕಿ ಉತ್ತರಕ್ಕೆ ಬದಲು ಮೊಮ್ಮಗಳ ಫೋನು ತರಿಸಿದಳು. ಬಾಗಿಲ ಮುಂದೆ ತೆಗೆಸಿಕೊಂಡ ಗುಂಪು ಚಿತ್ರ, ಸಮಯ 12.19. ಹನ್ನೊಂದು ಮುಖ ನಗುತ್ತಿವೆ; ರೆಯ್ನಾ ಬಾಗಿಲ ಕಡೆ ತಿರುಗಿದ್ದಾಳೆ. ನಡುವೆ ಮೇಷ್ಟ್ರು. ಅವರ ಭುಜದ ಹಿಂದೆ ಕಬ್ಬಿಣದ ಅಗುಳಿ, ತುದಿಯವರೆಗೂ ಹಾಕಿದ್ದು, ಬಿಸಿಲಿಗೆ ಹೊಳೆಯುತ್ತಿದೆ.

ಹೊರಡುವಾಗ ಮುದುಕಿ ಅಬಾದಿಯಾರ ಕೈ ಹಿಡಿದಳು. "ಆ ನೀರೊಳೊಮ್ಮೆ ಕೈಯದ್ದಲೆಂದು ಬಂದೆನ್ ಮಗಳೆ. ಇನ್ನೊಲ್ಲೆನ್."

15.50ಕ್ಕೆ ಮೇಷ್ಟ್ರ ಮನೆಯ ಶೋಧ. ಬರೆಯುವ ಮೇಜಿನ ಖಾನೆಯಲ್ಲಿ ಪುಸ್ತಿಕೆಯ ಉಳಿದ ಒಂದೇ ಪ್ರತಿ. ಮುಖಪುಟದಲ್ಲಿ ಗೊಂಬೆಯಾಕಾರದ ತೂತು. ಪಕ್ಕದಲ್ಲೇ ಕತ್ತರಿ. ಬಚ್ಚಿಡುವ ಯೋಚನೆಯೂ ಅವರಿಗೆ ಬಂದಿರಲಿಲ್ಲ. ನೂರಿಯಾ ಚಿತ್ರವನ್ನೂ ಪುಸ್ತಿಕೆಯನ್ನೂ ಮುಂದಿಟ್ಟಾಗ ಅವರು ಕನ್ನಡಕ ಏರಿಸಿ ಚಿತ್ರ ನೋಡಿದರು. "12.19. ಹೌದು," ಎಂದರು, ಉತ್ತರಪತ್ರಿಕೆಗೆ ಅಂಕ ಹಾಕುವವರ ಹಾಗೆ.

ಆಮೇಲೆ ಅವರೇ ಹೇಳಿದರು. ಆ ಕೇರಿಯಲ್ಲಿ ಯಹೂದಿಗಳದೆಂದು ಉಳಿದದ್ದು ಗೋಡೆಗಳು ಮಾತ್ರ. ಹೆಸರೆಂಬುದು ಒಂದೂ ಇರಲಿಲ್ಲ. ಮೂವತ್ತು ವರ್ಷ ಹುಡುಕಿದ ಮೇಲೆ ಹೋದ ವರ್ಷದ ಬೇಸಿಗೆಯಲ್ಲಿ ಗುಂಡಿಯ ಕೆಸರಿನಿಂದ ಒಂದು ಕಲ್ಲು ಎತ್ತಿದರು. ಅದನ್ನು ಹೊರುವುದಕ್ಕೆ ಕೈಜೋಡಿಸಿದವನು ಲಾಂಬೆರ್ತೋ. ಗುಂಡಿ ಕಟ್ಟಿಸಿದ ಹೆಂಗಸಿನ ಹೆಸರು ಅದರ ಮೇಲಿತ್ತು: ಯೂಸೆಫನ ಮಗಳು ದೊಲ್ಸಾ. ಕೆಳಗೆ ಇನ್ನೆರಡು ಸಾಲು ಫೋಟೋದಲ್ಲಿ ಮೂಡದಷ್ಟು ಸವೆದಿದ್ದವು. ಅವನ್ನು ಬಿಡಿಸಿ ಓದುವ ಕೆಲಸ ಬಾಕಿಯಿತ್ತು. ಪುಸ್ತಿಕೆ ಅಚ್ಚಾಯಿತು. ಪರೀಕ್ಷಿಸಲು ವಿಶ್ವವಿದ್ಯಾಲಯದಿಂದ ಪ್ರಾಧ್ಯಾಪಕರೊಬ್ಬರು ಬರುವವರಿದ್ದರು. ಅಷ್ಟರಲ್ಲಿ ಮುಗ್ಧರ ಹಬ್ಬ ಬಂತು. ಬಾರಿನ ಊಟದ ನಡುವೆ ಆ ಪ್ರಾಧ್ಯಾಪಕರ ಧ್ವನಿಯಲ್ಲಿ ಫೋನು: ಕಲ್ಲು ನಕಲಿ, ನಿಮಗೆ ನಾಚಿಕೆಯಾಗಬೇಕು. ಮೇಷ್ಟ್ರು ಬಿಳಿಚಿಕೊಂಡಾಗ ಲಾಂಬೆರ್ತೋ ಪಕ್ಕದ ಕೋಣೆಯಿಂದ ಫೋನು ಹಿಡಿದುಕೊಂಡೇ ಬಂದ. ಅಲ್ಲಿಗೆ ನಿಲ್ಲಿಸಿದ್ದರೆ ಆಗುತ್ತಿತ್ತು. ಅವನು ಮುಂದುವರಿಸಿದ. ಧ್ವನಿ ಮಾತ್ರ ತಮಾಷೆ ಮೇಷ್ಟ್ರೇ, ಕಲ್ಲು ನಿಜವಾಗಿಯೂ ನಕಲಿ. ಮೂಳೆ ಕಡಿಯುವ ಉಳಿಯಲ್ಲಿ ನಾನೇ ಕೆತ್ತಿ ಕೆಸರಲ್ಲಿ ಹಾಕಿದ್ದೆ ಎಂದ.

ಮರುದಿನ ಬೆಳಿಗ್ಗೆ ಮೇಷ್ಟ್ರು ಸುತ್ತಿಗೆ ತೆಗೆದುಕೊಂಡು ಕಲ್ಲನ್ನು ಪುಡಿಪುಡಿ ಮಾಡಿ ಹೊಳೆಗೆ ಸುರಿದರು. ಹುದ್ದೆಗೆ ರಾಜೀನಾಮೆ ಕೊಟ್ಟರು. ಲಾಂಬೆರ್ತೋ ಏನೂ ಹೇಳಲಿಲ್ಲ. ಹನ್ನೊಂದು ತಿಂಗಳಾದ ಮೇಲೆ, ಈ ನವೆಂಬರಿನಲ್ಲಿ, ಅಂಗಡಿಯಲ್ಲಿ ಒಣಮಾಂಸ ಹೆಚ್ಚುತ್ತ ಹೇಳಿದ: ಅಯ್ಯೋ ಮೇಷ್ಟ್ರೇ, ಅದೂ ತಮಾಷೆನೇ ಆಗಿತ್ತು. ನಂಗೆ ಬೆಣ್ಣೆ ಮೇಲೆ ನನ್ನ ಹೆಸರು ಕೊರೆಯೋಕೂ ಬರಲ್ಲ. ಕಲ್ಲನ್ನ ಯಾರಾದ್ರೂ ಒಡೀತಾರಾ?

ಮುಂದಿನದು ಮೇಷ್ಟ್ರಿಗೆ ಸುಲಭವಾಗಿತ್ತು. ಪ್ರವಾಸಿಗಳಿಗೆ ದೆವ್ವ ತೋರಿಸು ಎಂದದ್ದು ಅವರು. ಲಾಂಬೆರ್ತೋ ಕುಣಿದುಕೊಂಡು ಒಪ್ಪಿದ್ದ. ಬಾರಿನಲ್ಲಿ ಬೆನ್ನು ತಟ್ಟಿ ಗೊಂಬೆ ಚುಚ್ಚಿದರು. ಅವನು ಒಳಹೊಕ್ಕು ಹತ್ತು ನಿಮಿಷ ಬಿಟ್ಟು ಸದ್ದಿಲ್ಲದೆ ಅಗುಳಿ ಹಾಕಿದರು. ಯಾವ ದಿನ ಹಾಕಬೇಕೆಂಬುದೊಂದೇ ಅವರು ಯೋಚಿಸಿ ಆರಿಸಿದ್ದು.

"ಸಿಗ್ನಲ್ ಎಲ್ಲಿ ಸಿಗುತ್ತೆ ಅಂತ ನಿಮಗೆ ಗೊತ್ತಿತ್ತಾ?" ಅಬಾದಿಯಾ ಕೇಳಿದರು.

"ಮೂವತ್ತು ವರ್ಷ ಆ ಗುಂಡೀಲಿ ಇಳಿದಿದೀನಮ್ಮ."

"ನಿಮಗೆ ಕೊನೆಗೆ ಯಾಕೆ ಮಾಡಿದ?"

"ಮೂರು ಗಂಟೆವರೆಗೆ ನಾನು ಫೋನ್ ಹಚ್ಚಲ್ಲ. ಊರಿಗೇ ಗೊತ್ತು."

"ಏನಂದ?"

"ಸಾಯ್ತಿದೀನಿ ಅಂದ. ನಾನು ನಂಬಿದೆ. ನಿನ್ನೆ ಇಡೀ ಊರಲ್ಲಿ ಅವನ ಮಾತು ನಂಬಿದ್ದು ನಾನೊಬ್ಬನೇ."

ಉರ್ಬಾನೋ ಬಾಗಿಲ ಬಳಿ ಗೋಡೆಗೆ ಮುಖ ಮಾಡಿ ನಿಂತ.

"ಹನ್ನೊಂದು ನಿಮಿಷ ಏನು ಕೇಳಿದ್ರಿ ಅವನನ್ನ?"

"ಆ ಕಲ್ಲನ್ನ ಇಡಿಯಾಗಿ ಕಣ್ಣಾರೆ ಕಂಡೋನು ನನ್ನ ಬಿಟ್ರೆ ಅವನೇ. ಕೆಳಗಿನ ಎರಡು ಸಾಲಿನಲ್ಲಿ ಅಕ್ಷರ ಹೇಗಿತ್ತು ಹೇಳು, ಆಕಾರನಾದ್ರೂ ಹೇಳು ಅಂದೆ."

"ಹೇಳಿದ್ರೆ ಬಾಗಿಲು ತೆಗೀತಿದ್ರಾ?"

ಮೇಷ್ಟ್ರು ಸ್ವಲ್ಪ ಹೊತ್ತು ಯೋಚಿಸಿದರು. ನಿಜವಾಗಿಯೂ ಯೋಚಿಸಿದರು. "ತೆಗೀತಿದ್ದೆ ಅನ್ಸುತ್ತೆ. ಅವನಿಗೆ ನೆನಪಿರಲಿಲ್ಲ. ಏನೋ ಕೋಳಿಕಾಲಿನ ಥರ ಇತ್ತು ಅಂದ."

17.40ಕ್ಕೆ ಬಂಧನ. ಎಫ್‌ಐಆರಿನಲ್ಲಿ ಕೊಲೆಯ ಕಲಮು. ಕೈಕೋಳ ತೊಡಿಸಬೇಕಾದ ಪಾಳಿ ಉರ್ಬಾನೋನದಾಗಿತ್ತು; ಎರಡು ಸಲ ಕೊಂಡಿ ತಪ್ಪಿತು. "ನಿಧಾನ ಕಣೋ ಪುವೆಯೋ," ಎಂದು ಮೇಷ್ಟ್ರೇ ಮಣಿಕಟ್ಟು ಮುಂದೆ ಮಾಡಿದರು. ನ್ಯಾಯಾಧೀಶರಿಗೆ ಹೋದ ವರದಿಯಲ್ಲಿ ಆರೋಪಿಯ ಹೆಸರಿನ ಕೆಳಗೆ, ಬೇರೆ ಕಲಮಿನಡಿ, ಉರ್ಬಾನೋನ ಹೆಸರೂ ಇತ್ತು. ಕೊಲೆಯೆಂದು ಸಾಬೀತಾದರೆ ತಾನು ಪಾರಾದೇನೆಂದು ಅವನು ಬೆಳಿಗ್ಗೆಯಿಂದ ಕಾದಿದ್ದ. ಅಬಾದಿಯಾ ಕರೆಪುಸ್ತಕದ ಆ ಪುಟವನ್ನೂ ಲಗತ್ತಿಸಿದರು.

ಕಡತ ಮುಚ್ಚುವ ಮುನ್ನ ನೂರಿಯಾ ಮೃತನ ಫೋನಿನಿಂದ ಒಂದು ವಿಡಿಯೋ ಇಳಿಸಿ ತಂದಳು. ಹೋದ ವರ್ಷದ ಹಬ್ಬದ ಊಟದ್ದು, ಬಾರಿನ ಯಾರೋ ತೆಗೆದು ಅವನಿಗೆ ಕಳಿಸಿದ್ದು, ಐವತ್ತೆರಡು ಸೆಕೆಂಡು. ಅಬಾದಿಯಾ ಒಬ್ಬರೇ ಕುಳಿತು ನೋಡಿದರು. ಕಲ್ಲು ನಾನೇ ಕೆತ್ತಿದ್ದು ಎಂದು ಲಾಂಬೆರ್ತೋ ಹೇಳಿ ಮುಗಿಸುತ್ತಾನೆ. ಎಲ್ಲರ ಕಣ್ಣು ಒಬ್ಬರ ಮುಖದ ಮೇಲೆ. ಆಮೇಲೆ ನಗೆ ಸಿಡಿಯುತ್ತದೆ. ವಿಸೀತಾ ಕರವಸ್ತ್ರ ಬಾಯಿಗೊತ್ತಿಕೊಂಡು ನಗುತ್ತಾಳೆ. ಉರ್ಬಾನೋ ಮೇಜು ಗುದ್ದುತ್ತಾನೆ, ಪಾದ್ರಿ ವೈನು ಚೆಲ್ಲಿಕೊಳ್ಳುತ್ತಾರೆ. ಈ ಎಲ್ಲ ಗದ್ದಲದ ಮೇಲೆ ಒಂದು ನಗು ಏರುತ್ತ ಹೋಗಿ ಉಳಿದ ನಗುಗಳನ್ನೆಲ್ಲ ಮುಚ್ಚಿಬಿಡುತ್ತದೆ. ಅದಕ್ಕೆ ಫೋನಿನ ಸ್ಪೀಕರು ಕರಕರ ಎನ್ನುತ್ತದೆ. ನಗುತ್ತಿದ್ದವರು ಮೇಷ್ಟ್ರು. ಎದ್ದುನಿಂತು, ಕತ್ತು ಹಿಂದಕ್ಕೆ ಎಸೆದು, ಲಾಂಬೆರ್ತೋನ ಹೆಗಲನ್ನು ಎರಡೂ ಕೈಯಿಂದ ಹಿಡಿದುಕೊಂಡು ನಗುತ್ತಿದ್ದರು. ವಿಡಿಯೋ ಮುಗಿದರೂ ಅವರ ನಗು ಮುಗಿದಿರಲಿಲ್ಲ.